ಸೀಮೆ ನಾಯಿಯ ಹೆಸರಿನ ಹಿಂದೆ

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯ ಯಾವ ಊರಿಗೇ ಹೋಗಿ, ನಾಯಿಗಳಲ್ಲಿ ಎರಡೇ ಪಂಗಡ. ಒಂದು ಕಂತ್ರಿ ನಾಯಿ, ಇನ್ನೊಂದು ಜಾತಿ ನಾಯಿ. ಕಂತ್ರಿ ಎಂಬುದು ಈಗ ಬೈಗುಳದಂತೆ ಬಳಕೆಯಾಗುತ್ತಿದ್ದರೂ ಮೂಲದಲ್ಲಿ ಬೈಗುಳವಲ್ಲ. ನಾಡಿನದು, ಸ್ಥಳೀಯವಾದದ್ದು ಎಂಬರ್ಥದ ಇಂಗ್ಲಿಷಿನ 'ಕಂಟ್ರಿ' ಜನರ ಬಾಯಲ್ಲಿ ಸವೆದು ಕಂತ್ರಿಯಾಯಿತು. ನಾಟಿ ಕೋಳಿ, ನಾಟಿ ಟೊಮೆಟೊ ಎಂದಾಗ ಇಲ್ಲದ ಕೀಳುಭಾವ ನಾಯಿಗೆ ಮಾತ್ರ ಅಂಟಿಕೊಂಡಿತು. ಜಾತಿ ನಾಯಿಯ ಮರ್ಯಾದೆಯೇ ಬೇರೆ. ಅದಕ್ಕೆ ಕತ್ತಿನ ಪಟ್ಟಿ, ಸರಪಳಿ, ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಎಂಬ ಫಲಕ, ಜೊತೆಗೆ ನಾಲಿಗೆ ಹೊರಳದ ಒಂದು ಹೆಸರು.

ಆ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ. ಪಮೇರಿಯನ್, ಅಲ್ಸೇಷಿಯನ್, ಡಾಬರ್‌ಮನ್, ರಾಟ್‌ವೈಲರ್, ಡ್ಯಾಷ್‌ಹೌಂಡ್, ಗ್ರೇಟ್ ಡೇನ್, ಬಾಕ್ಸರ್, ಲ್ಯಾಬ್ರಡಾರ್. ಕೊನೆಯದೊಂದನ್ನು ಬಿಟ್ಟರೆ ಉಳಿದ ಏಳೂ ಜರ್ಮನಿಯ ನಂಟಿನವು. ಇಂಗ್ಲಿಷರು ಇನ್ನೂರು ವರ್ಷ ಆಳಿದ ನಾಡಿನಲ್ಲಿ ಜರ್ಮನ್ ನಾಯಿಗಳೇ ಮೆರೆಯುತ್ತಿರುವುದು ಸೋಜಿಗವೇ ಸರಿ. ಆದರೆ ಕೋಲಾರದ ರೈತನಿಗೆ ಜರ್ಮನಿ ಅಷ್ಟೇನೂ ದೂರವಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಅವನ ಕಪ್ಪು ಬಿಳುಪಿನ ಸೀಮೆ ಹಸು 'ಹೋಲ್‌ಸ್ಟೈನ್ ಫ್ರೀಷಿಯನ್' ರಕ್ತದ್ದು. ಹೋಲ್‌ಸ್ಟೈನ್ ಉತ್ತರ ಜರ್ಮನಿಯ ಒಂದು ಸೀಮೆ. ಫ್ರೀಸ್‌ಲ್ಯಾಂಡ್ ಎಂಬುದು ಹಾಲೆಂಡಿನಿಂದ ಜರ್ಮನಿಯವರೆಗೆ ಚಾಚಿದ ಕಡಲಂಚಿನ ನಾಡು. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟು ಕೊಟ್ಟ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು ಈ ಫ್ರೀಸ್‌ಲ್ಯಾಂಡಿನ ಪೂರ್ವ ಭಾಗದಲ್ಲೇ. ಆ ಜರ್ಮನ್ ಪಾದ್ರಿ ನಮ್ಮ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಅರ್ಥ ಬರೆದ. ಅವನ ನಾಡಿನಿಂದ ಬಂದು ನಮ್ಮ ಜಗುಲಿಯಲ್ಲಿ ಮಲಗಿರುವ ನಾಯಿಯ ಹೆಸರಿಗೆ ಅರ್ಥವೇನೆಂದು ಮಾತ್ರ ಇಲ್ಲಿ ಕೇಳುವವರು ಕಡಿಮೆ.

ಕೇಳಬೇಕಾದದ್ದು ಬರೀ ಕುತೂಹಲಕ್ಕಲ್ಲ. ಜರ್ಮನ್ನರು ನಾಯಿಗೆ ಹೆಸರಿಡುವಾಗ ಅಲಂಕಾರಕ್ಕೆ ಹೋದವರಲ್ಲ. ಯಾವ ಊರಿನದು, ಏನು ಕೆಲಸ ಮಾಡುತ್ತದೆ, ನೋಡಲು ಹೇಗಿದೆ, ಯಾರು ಬೆಳೆಸಿದರು ಎಂಬುದನ್ನೇ ಹೆಸರಾಗಿ ಇಟ್ಟುಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಕರಿಯ, ಕೆಂಚ ಎಂದು ಕೂಗಿದ ಹಾಗೆ. ಮರಿಯನ್ನು ಹತ್ತಿಪ್ಪತ್ತು ಸಾವಿರ ಕೊಟ್ಟು ತರುವವರು ಹೆಸರಿನ ಅರ್ಥ ತಿಳಿದಿದ್ದರೆ ಆ ಪ್ರಾಣಿ ಮುಂದೆ ಏನು ಮಾಡೀತು, ಅದಕ್ಕೆ ಏನು ಬೇಕಾದೀತು ಎಂಬುದರ ಅರ್ಧ ಪಾಠ ಅಲ್ಲೇ ಸಿಗುತ್ತದೆ.

ಮೊದಲು 'ಹುಂಡ್' ಎಂಬ ಪದ. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ನಾಯಿ, ಅಷ್ಟೆ. ಬೀದಿಯದೂ ಹುಂಡ್, ಅರಮನೆಯದೂ ಹುಂಡ್. ಅದೇ ಬೇರಿನ 'ಹೌಂಡ್' ಇಂಗ್ಲಿಷಿನಲ್ಲಿ ಬೇಟೆನಾಯಿಗೆ ಮಾತ್ರ ಮೀಸಲಾಯಿತು. ಭಾಷಾಶಾಸ್ತ್ರಜ್ಞರು ಇನ್ನೂ ಹಿಂದಕ್ಕೆ ಹೋಗಿ ಹುಂಡ್, ಹೌಂಡ್, ಲ್ಯಾಟಿನ್ನಿನ 'ಕ್ಯಾನಿಸ್', ಸಂಸ್ಕೃತದ 'ಶ್ವನ್' ಇವೆಲ್ಲ ಒಂದೇ ತಾಯಿಬೇರಿನ ಕುಡಿಗಳು ಎಂದು ತೋರಿಸಿಕೊಟ್ಟಿದ್ದಾರೆ. ಪೊಲೀಸ್ ಇಲಾಖೆಯ 'ಶ್ವಾನದಳ'ದಲ್ಲಿ ಜರ್ಮನ್ ನಾಯಿ ನಿಂತಿದ್ದರೆ ಪದಗಳ ಮಟ್ಟಿಗೆ ದೂರದ ದಾಯಾದಿಗಳು ಒಟ್ಟಿಗೆ ಸೇರಿದ ಹಾಗೆ. 'ನಾಯಿ' ಈ ವಂಶದ್ದಲ್ಲ, ಅಪ್ಪಟ ದ್ರಾವಿಡ ಪದ. ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಮನೆಯೊಳಗೆ ತೆಲುಗಾಡುವವರ 'ಕುಕ್ಕ'ದ ದಾರಿಯೇ ಬೇರೆ.

ಹುಂಡ್ ಮತ್ತು ಹೌಂಡ್‌ಗಳ ಗೊಂದಲಕ್ಕೆ ಬಲಿಯಾದದ್ದು 'ಡ್ಯಾಷ್‌ಹೌಂಡ್'. ಅದರ ಸರಿಯಾದ ಹೆಸರು ಡಾಕ್ಸ್‌ಹುಂಡ್. ಡಾಕ್ಸ್ ಎಂದರೆ ಬ್ಯಾಡ್ಜರ್ ಎಂಬ ಪ್ರಾಣಿ. ನೆಲ ಬಗೆದು ಆಳವಾದ ಬಿಲದಲ್ಲಿ ಇರುತ್ತದೆ, ಮೈಮೇಲೆ ಬಿದ್ದರೆ ಬಿಡುವುದಿಲ್ಲ. ನಮ್ಮಲ್ಲಿ ತರಕರಡಿ ಎನ್ನುವ ಪ್ರಾಣಿಯ ನೆಂಟ. ಬಿಲಕ್ಕೆ ನುಗ್ಗಿ, ಕತ್ತಲಲ್ಲಿ ಅದನ್ನು ಎದುರಿಸಿ, ಬೊಗಳಿ ಬೇಟೆಗಾರನಿಗೆ ಜಾಗ ತಿಳಿಸುವ ಕೆಲಸಕ್ಕೆಂದೇ ಈ ನಾಯಿಯನ್ನು ತಲೆತಲಾಂತರದಿಂದ ಆರಿಸಿ ಆರಿಸಿ ಬೆಳೆಸಿದರು. ಗಿಡ್ಡ ಕಾಲು, ಉದ್ದನೆಯ ಮೈ, ಅಗಲವಾದ ಮುಂಗಾಲ ಪಂಜ ಎಲ್ಲವೂ ಸುರಂಗದ ಅಳತೆಗೆ ಹೊಲಿಸಿದ ಅಂಗಿಯಂತೆ. ಆ ಗಿಡ್ಡ ಕಾಲಿನ ಗುಟ್ಟು 2009ರಲ್ಲಿ ಬಯಲಾಯಿತು. ಎಫ್‌ಜಿಎಫ್4 ಎಂಬ ಜೀನ್‌ನ ಒಂದು ಹೆಚ್ಚುವರಿ ಪ್ರತಿ ವರ್ಣತಂತುವಿನಲ್ಲಿ ಬೇರೆ ಕಡೆ ಹೋಗಿ ಕೂತಿದೆ, ಅದರಿಂದಾಗಿ ಕಾಲಿನ ಮೂಳೆಗಳು ಉದ್ದಕ್ಕೆ ಬೆಳೆಯದೆ ನಿಂತುಬಿಡುತ್ತವೆ. ಅದೇ ಜೀನ್‌ನ ಇನ್ನೊಂದು ನಕಲು ಬೆನ್ನುಮೂಳೆಯ ನಡುವಿನ ಮೆತ್ತೆಗಳನ್ನು ಬೇಗ ಗಡುಸು ಮಾಡುತ್ತದೆ ಎಂಬುದು 2017ರಲ್ಲಿ ಗೊತ್ತಾಯಿತು. ಈ ನಾಯಿಗಳು ನಡು ಹಿಡಿದುಕೊಂಡು ಹಿಂಗಾಲು ಎಳೆಯುವುದು ಇದೇ ಕಾರಣಕ್ಕೆ.

ಇಷ್ಟು ತಿಳಿಯದೆ ಡಾಕ್ಸ್‌ಹುಂಡ್ ಸಾಕುವವರು ಅದನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸುತ್ತಾರೆ. ಕರಿಬೇವಿನ ಗಿಡದ ಬುಡ ಅಗೆಯಿತೆಂದು ಕೋಲು ತೆಗೆದುಕೊಳ್ಳುತ್ತಾರೆ. ಅಗೆಯುವುದು ಅದರ ಕೆಟ್ಟ ಚಾಳಿಯಲ್ಲ, ಹೆಸರಿನಲ್ಲೇ ಬರೆದಿರುವ ಕಸುಬು. ಜರ್ಮನ್ನರು ಮನೆಮಾತಿನಲ್ಲಿ ಅದನ್ನು 'ಡಾಕೆಲ್' ಎಂದು ಮುದ್ದಾಗಿ ಕರೆಯುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಲಾಂಛನವಾಗಿದ್ದ 'ವಾಲ್ಡಿ' ಬಣ್ಣ ಬಣ್ಣದ ಪಟ್ಟೆಯ ಒಂದು ಡಾಕೆಲ್.

ಇನ್ನು ಅಲ್ಸೇಷಿಯನ್. ಊರಿನ ಸಾಹುಕಾರರ ಮನೆಯಲ್ಲಿ ಹಿಂದಿನಿಂದಲೂ ಈ ಹೆಸರಿಗೆ ಒಂದು ಗತ್ತಿದೆ. ಹುಟ್ಟೂರಿನಲ್ಲಿ ಅದರ ಹೆಸರು 'ಡಾಯ್ಚರ್ ಶೇಫರ್‌ಹುಂಡ್'. ಶೇಫರ್ ಎಂದರೆ ಕುರಿ ಕಾಯುವವನು. ಕನ್ನಡದಲ್ಲಿ ನೇರವಾಗಿ ಹೇಳುವುದಾದರೆ ಜರ್ಮನಿಯ ಕುರುಬರ ನಾಯಿ. ಕಂಬಳಿ ಹೊದ್ದು ಹೊಲದ ಬದುವಿನಲ್ಲಿ ಕುರಿ ಮೇಯಿಸುವವನ ಜೊತೆಗಾರನ ಹೆಸರನ್ನೇ ಕಾರಿನ ಹಿಂಬದಿಯಲ್ಲಿ ಕೂರಿಸಿ ಮೆರೆಸುತ್ತಿದ್ದೇವೆ!

ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಕುದುರೆ ದಳದ ಅಧಿಕಾರಿ 1899ರ ಏಪ್ರಿಲಿನಲ್ಲಿ ಕಾರ್ಲ್ಸ್‌ರೂಹೆ ಊರಿನ ನಾಯಿ ಪ್ರದರ್ಶನದಲ್ಲಿ ಇಂಥ ಒಂದು ಕುರಿನಾಯಿಯನ್ನು ಕಂಡು ಮರುಳಾಗಿ ಅಲ್ಲೇ ಕೊಂಡುಕೊಂಡ. ಅದಕ್ಕೆ ಹೋರಂಡ್ ಎಂದು ಹೊಸ ಹೆಸರಿಟ್ಟು, ಅದೇ ತಿಂಗಳು ಸಂಘ ಕಟ್ಟಿ, ಸಂಘದ ದಾಖಲೆಯಲ್ಲಿ ಮೊದಲನೆಯ ನಾಯಿಯಾಗಿ ಬರೆಸಿದ. ಇಂದಿನ ಜರ್ಮನ್ ಶೆಫರ್ಡ್‌ಗಳ ವಂಶವೃಕ್ಷ ಹೋಗಿ ಮುಟ್ಟುವುದು ಅಲ್ಲಿಗೆ. ಆ ಸೀಮೆಯಲ್ಲಿ ಹೊಲಗಳಿಗೆ ಬೇಲಿ ಇರಲಿಲ್ಲ. ಕುರಿಮಂದೆ ಮೇಯುವ ಪಟ್ಟಿಯ ಪಕ್ಕದಲ್ಲೇ ಬೆಳೆ. ನಾಯಿ ದಿನವಿಡೀ ಆ ಗಡಿಯ ಗೆರೆಯ ಮೇಲೆ ಅತ್ತಿಂದಿತ್ತ ಓಡಾಡಿ, ಗೆರೆ ದಾಟಿದ ಕುರಿಯನ್ನು ಮಾತ್ರ ತಳ್ಳಬೇಕು. ಕಡಿಯಬಾರದು, ಬಿಡಲೂ ಬಾರದು. ಓಡುವ ಶಕ್ತಿಯ ಜೊತೆಗೆ ತನ್ನಷ್ಟಕ್ಕೆ ತೀರ್ಮಾನ ಮಾಡುವ ಬುದ್ಧಿಯೂ ಇದಕ್ಕೆ ಬೇಕು. ಆ ಬುದ್ಧಿಯನ್ನು ಹತ್ತಡಿ ಸರಪಳಿಗೆ ಕಟ್ಟಿ ಹಾಕಿದರೆ ಅದು ಹಗಲೆಲ್ಲ ಬೊಗಳುತ್ತದೆ, ಸಿಕ್ಕಿದ್ದನ್ನು ಹರಿಯುತ್ತದೆ. ಆಗ 'ಈ ನಾಯಿಗೆ ತಲೆ ಕೆಟ್ಟಿದೆ' ಎನ್ನುವುದು ನ್ಯಾಯವಲ್ಲ.

ಕುರುಬರ ನಾಯಿ ಅಲ್ಸೇಷಿಯನ್ ಆದದ್ದಕ್ಕೆ ಮೊದಲ ಮಹಾಯುದ್ಧ ಕಾರಣ. ಬ್ರಿಟನ್ನಿನಲ್ಲಿ ಆಗ ಜರ್ಮನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಜನ ಉರಿದು ಬೀಳುತ್ತಿದ್ದರು. ಪಾಪದ ಡಾಕ್ಸ್‌ಹುಂಡ್‌ಗಳು ಬೀದಿಯಲ್ಲಿ ಒದೆ ತಿಂದವು. ರಾಜಮನೆತನವೇ 1917ರಲ್ಲಿ ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬ ಜರ್ಮನ್ ಹೆಸರು ಕಳಚಿ ವಿಂಡ್ಸರ್ ಎಂದು ಬದಲಿಸಿಕೊಂಡಿತು. ಅರಸರೇ ಹೆಸರು ಬದಲಿಸಿದ ಮೇಲೆ ನಾಯಿಯದೇನು? 1919ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಈ ತಳಿಯನ್ನು ಪಟ್ಟಿಗೆ ಸೇರಿಸುವಾಗ ಜರ್ಮನಿಯನ್ನು ಬಿಟ್ಟು, ಫ್ರಾನ್ಸಿನ ಗಡಿಯ ಅಲ್ಸಾಸ್ ಪ್ರಾಂತ್ಯದ ಹೆಸರು ಅಂಟಿಸಿತು. ತಮಾಷೆಯೆಂದರೆ ಆ ಪ್ರಾಂತ್ಯ 1871ರಿಂದ 1918ರವರೆಗೆ ಜರ್ಮನಿಯ ಕೈಯಲ್ಲೇ ಇತ್ತು. ಅಮೆರಿಕದವರೂ 1917ರಲ್ಲಿ ಜರ್ಮನ್ ಪದ ಕಿತ್ತುಹಾಕಿ ಬರೀ 'ಶೆಫರ್ಡ್ ಡಾಗ್' ಎಂದರು; 1931ರಲ್ಲಿ ಮತ್ತೆ ಸೇರಿಸಿದರು. ಬ್ರಿಟನ್ನಿಗೆ ಸಿಟ್ಟು ಇಳಿಯಲು 1977 ಬರಬೇಕಾಯಿತು. ಇಂಗ್ಲಿಷರು ಕೈಬಿಟ್ಟ ಮೇಲೂ ನಮ್ಮ ಹಳಬರು ಅಲ್ಸೇಷಿಯನ್ ಎಂದೇ ಹೇಳುತ್ತಾರೆ. ಯಾರದೋ ಜಗಳದ ಹೆಸರು ನಮ್ಮ ನಾಲಿಗೆಯ ಮೇಲೆ ಉಳಿದುಬಿಟ್ಟಿತು.

ಗ್ರೇಟ್ ಡೇನ್ ಕಥೆ ಇನ್ನೂ ವಿಚಿತ್ರ. ಡೇನ್ ಎಂದರೆ ಡೆನ್ಮಾರ್ಕಿನವನು. ಆದರೆ ಈ ಆಳೆತ್ತರದ ನಾಯಿಗೂ ಡೆನ್ಮಾರ್ಕಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಪ್ರಕೃತಿ ವಿಜ್ಞಾನಿ ಬುಫೋನ್ 'ದೊಡ್ಡ ಡೇನಿಷ್' ಎಂದು ಬರೆದದ್ದನ್ನು ಇಂಗ್ಲಿಷರು ಹಿಡಿದುಕೊಂಡರು. 1880ರಲ್ಲಿ ಬರ್ಲಿನ್ನಿನಲ್ಲಿ ಸಭೆ ಸೇರಿದ ತಜ್ಞರು ಇದು 'ಡಾಯ್ಚೆ ಡಾಗೆ', ಅಂದರೆ ಜರ್ಮನ್ ಡಾಗೆ ಎಂದು ತೀರ್ಮಾನಿಸಿದರು. ಆ 'ಡಾಗೆ' ಎಲ್ಲಿಂದ ಬಂತು ಎಂದು ಹುಡುಕಿದರೆ, ಅದು ಇಂಗ್ಲಿಷಿನ 'ಡಾಗ್'! ಜರ್ಮನ್ ನಾಯಿಗೆ ಇಂಗ್ಲಿಷರಲ್ಲಿ ಡೇನಿಷ್ ಹೆಸರು, ಜರ್ಮನ್ನರಲ್ಲಿ ಇಂಗ್ಲಿಷ್ ಹೆಸರು.

ಪಮೇರಿಯನ್ ಎಂದರೆ ಪೊಮೆರೇನಿಯಾದ್ದು. ಬಾಲ್ಟಿಕ್ ಸಮುದ್ರದ ದಡದ ಆ ಸೀಮೆ ಈಗ ಜರ್ಮನಿ, ಪೋಲೆಂಡ್‌ಗಳಲ್ಲಿ ಹಂಚಿಹೋಗಿದೆ. ಅಲ್ಲಿ ಹಿಂದೆ ನೆಲೆಸಿದ್ದ ಸ್ಲಾವ್ ಜನರ ಭಾಷೆಯಲ್ಲಿ 'ಪೊ ಮೊರೆ' ಎಂದರೆ ಕಡಲ ಬದಿ. ಕನ್ನಡದಲ್ಲಿ ಕರಾವಳಿ ಎಂದುಬಿಟ್ಟರೆ ಮುಗಿಯಿತು. ಕಡಲ ಮುಖ ಕಾಣದ ಕೋಲಾರದ ಜಗುಲಿಯಲ್ಲಿ ಮಲಗಿರುವ ಬಿಳಿಯ ಜೂಲು ನಾಯಿಯ ಹೆಸರು ಕರಾವಳಿ ನಾಯಿ! ಜರ್ಮನ್ನರು ಮಾತ್ರ ಅದನ್ನು ಹಾಗೆ ಕರೆಯುವುದಿಲ್ಲ. ಅವರಿಗೆ ಅದು 'ಸ್ವೆರ್ಗ್‌ಸ್ಪಿಟ್ಸ್'. ಸ್ಪಿಟ್ಸ್ ಎಂದರೆ ಚೂಪು. ಚೂಪು ಮೂತಿ, ಚೂಪು ಕಿವಿ. ಸ್ವೆರ್ಗ್ ಎಂದರೆ ಕುಳ್ಳ. ಇನ್ನೊಂದು ಮಾತು: ನಮ್ಮ ಊರುಗಳಲ್ಲಿ ಪಮೇರಿಯನ್ ಎಂದು ಸಾಕುವುದರಲ್ಲಿ ಹೆಚ್ಚಿನವು ಅಸಲಿ ಪಮೇರಿಯನ್ ಅಲ್ಲವೇ ಅಲ್ಲ. ಅವು ಇಲ್ಲಿನ ಹವೆಗೆ ಒಗ್ಗಿಕೊಂಡ, ಸ್ವಲ್ಪ ದೊಡ್ಡ ಮೈಕಟ್ಟಿನ ಇಂಡಿಯನ್ ಸ್ಪಿಟ್ಸ್. 1994ರ 'ಹಮ್ ಆಪ್ಕೆ ಹೈ ಕೌನ್' ಹಿಂದಿ ಸಿನಿಮಾದ ಟಫಿ ಕೂಡ ಅದೇ ಜಾತಿ. ಹೆಸರಿಗೆ ಮೋಸ ಹೋದರೂ ನಾಯಿಗೇನೂ ನಷ್ಟವಾಗಿಲ್ಲ. ಅಸಲಿಯದು ಕೋಲಾರದ ಏಪ್ರಿಲ್ ಬಿಸಿಲಿಗೆ ಇದಕ್ಕಿಂತ ಹೆಚ್ಚು ಬಳಲುತ್ತಿತ್ತು.

ಮನುಷ್ಯನ ಹೆಸರು ಹೊತ್ತ ನಾಯಿ ಡಾಬರ್‌ಮನ್. ಜರ್ಮನಿಯ ತುರಿಂಗಿಯಾ ಪ್ರಾಂತ್ಯದ ಅಪೋಲ್ಡಾ ಊರಿನಲ್ಲಿ ಲೂಯಿ ಡಾಬರ್‌ಮನ್ (1834–1894) ಎಂಬಾತನಿದ್ದ. ತೆರಿಗೆ ವಸೂಲಿ ಅವನ ಕೆಲಸ, ಜೊತೆಗೆ ಬೀದಿನಾಯಿ ಹಿಡಿಯುವ ಜವಾಬ್ದಾರಿ. ದುಡ್ಡಿನ ಚೀಲ ಹಿಡಿದು ತಿರುಗುವವನಿಗೆ ಕಾವಲು ಬೇಕಿತ್ತು, ಕೈಗೆ ಬಗೆಬಗೆಯ ನಾಯಿಗಳೂ ಸಿಗುತ್ತಿದ್ದವು. ಹಾಗೆ ಬೆರಸಿ ಬೆಳೆಸಿದ್ದೇ ಈ ತಳಿ. ಯಾವ ಯಾವ ನಾಯಿ ಬೆರಸಿದ ಎಂಬುದನ್ನು ಪುಣ್ಯಾತ್ಮ ಎಲ್ಲೂ ಬರೆದಿಡಲಿಲ್ಲ. ಇಂದು ಜಾತಿ ನಾಯಿಗಳ ಸಾಲಿನಲ್ಲಿ ತಲೆಯೆತ್ತಿ ನಿಲ್ಲುವ ಇದರ ಅಜ್ಜಂದಿರಲ್ಲಿ ಅಪೋಲ್ಡಾದ ಕಂತ್ರಿಗಳೂ ಇದ್ದಿರಬೇಕು. ಅವನು ಸತ್ತ ಮೇಲೆ ಊರಿನವರು ತಳಿಗೆ ಅವನ ಹೆಸರಿಟ್ಟರು. ಜರ್ಮನ್ನರು ಹೆಸರಿನ ಕೊನೆಗೆ ಎರಡು 'ನ್' ಬರೆದರೆ ಅಮೆರಿಕದವರು ಒಂದಕ್ಕೆ ಇಳಿಸಿದರು. ಆ ತೆರಿಗೆಯವನ ಹೆಸರು ಹೊತ್ತ 'ತುಂಗಾ' ಎಂಬ ಹೆಣ್ಣು ನಾಯಿ ದಾವಣಗೆರೆ ಪೊಲೀಸರ ಶ್ವಾನದಳದಲ್ಲಿತ್ತು. 2020ರ ಜುಲೈನಲ್ಲಿ ಒಂದು ಕೊಲೆ ಪ್ರಕರಣದಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಜಾಡು ತೋರಿಸಿದ್ದು ನಾಡಿನಾದ್ಯಂತ ಸುದ್ದಿಯಾಯಿತು.

ಹೆಸರಿನಿಂದಲೇ ಆಪತ್ತಿಗೆ ಸಿಕ್ಕಿಕೊಂಡದ್ದು ರಾಟ್‌ವೈಲರ್. ರಾಟ್‌ವೈಲ್ ಎಂಬುದು ನೈಋತ್ಯ ಜರ್ಮನಿಯಲ್ಲಿ ರೋಮನ್ನರ ಕಾಲದಿಂದಿರುವ ಒಂದು ಊರು. ಅಲ್ಲಿನ ಹಳೆಯ ಕಟ್ಟಡಗಳ ಕೆಂಪು ಹೆಂಚಿನಿಂದ ಊರಿಗೆ ಆ ಹೆಸರು ಬಂತೆಂಬುದು ರೂಢಿಯ ವಿವರಣೆ. ಅದು ದನಗಳ ಸಂತೆಯ ಊರು. ಕಟುಕರು ಕೊಂಡ ದನಗಳನ್ನು ಹೊಡೆದುಕೊಂಡು ಬರಲು, ಮಾಂಸದ ಗಾಡಿ ಎಳೆಯಲು ಈ ನಾಯಿ. ಅದಕ್ಕೇ 'ರಾಟ್‌ವೈಲಿನ ಕಟುಕರ ನಾಯಿ' ಎಂಬ ಹಳೆಯ ಹೆಸರು. ಮುಳಬಾಗಿಲು ತಾಲ್ಲೂಕಿನ ಆವಣಿ ಜಾತ್ರೆಗೆ ದನ ಹೊಡೆದುಕೊಂಡು ನಡೆದವರಿಗೆ ಅದೆಂಥ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ರೈಲು ಬಂದು ದನಗಳನ್ನು ನಡೆಸಿಕೊಂಡು ಹೋಗುವುದು ನಿಂತಾಗ ನಾಯಿಗೂ ಕೆಲಸ ಹೋಯಿತು, ತಳಿಯೇ ನಶಿಸುವ ಹಂತ ತಲುಪಿತು. ಇಪ್ಪತ್ತನೆಯ ಶತಮಾನದ ಮೊದಲಿಗೆ ಪೊಲೀಸರು ಕೈಹಿಡಿದದ್ದರಿಂದ ಉಳಿದುಕೊಂಡಿತು.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, 23 ಬಗೆಯ ನಾಯಿಗಳು ಮನುಷ್ಯರ ಜೀವಕ್ಕೆ ಅಪಾಯಕಾರಿ, ಅವನ್ನು ಸಾಕಲು ಪರವಾನಗಿ ಕೊಡಬಾರದು, ಮಾರಾಟ ನಿಲ್ಲಿಸಬೇಕು ಎಂದಿತು. ಪಟ್ಟಿಯಲ್ಲಿ ರಾಟ್‌ವೈಲರ್ ಇತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಎರಡು ಕಡೆಗೂ ಮಾತಿದೆ. ಇಂಥ ನಾಯಿ ಕಚ್ಚಿದರೆ ಆಗುವ ಗಾಯ ಸಣ್ಣದಲ್ಲ. ಮಗು ಕಳೆದುಕೊಂಡ ಮನೆಯವರ ಮುಂದೆ ತಳಿಯ ಚರಿತ್ರೆ ಹೇಳಲು ಬಾಯಿ ಬರುವುದಿಲ್ಲ. ಆದರೆ ಎತ್ತಿನ ಮೈಗೆ ಒತ್ತಿ ನಿಂತು ಅದನ್ನು ದಾರಿಗೆ ತಳ್ಳಬಲ್ಲ ಐವತ್ತು ಕಿಲೋ ತೂಕದ ಪ್ರಾಣಿಯನ್ನು, ಅದಕ್ಕೆ ಏನನ್ನೂ ಕಲಿಸದೆ, 'ಗತ್ತಿಗೆ' ಎಂದು ತಂದು ಗೇಟಿನ ಹಿಂದೆ ಕಟ್ಟಿಹಾಕಿದವರ ಮೇಲೆ ಯಾವ ಸುತ್ತೋಲೆಯೂ ಬರಲಿಲ್ಲ. ಅಂಥವರಿಗೆ ಒಂದು ಹೆಸರನ್ನು ನಿಷೇಧಿಸಿದರೆ ಇನ್ನೊಂದು ಹೆಸರು ಸಿಗುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. 'ಶ್ನೌಟ್ಸರ್' ಎಂದರೆ ಮೂತಿಯವನು. ಅದರ ಮೀಸೆ ನೋಡಿದರೆ ಹೆಸರು ಒಪ್ಪುತ್ತದೆ. 'ಆಫೆನ್‌ಪಿನ್ಷರ್'ನ ಆಫೆ ಎಂದರೆ ಕೋತಿ, ಮುಖವೂ ಹಾಗೆಯೇ. ವೈಮರಾನರ್ ವೈಮರ್ ಪಟ್ಟಣದ್ದು. ಪೂಡಲ್ ಅನ್ನು ಎಲ್ಲರೂ ಫ್ರಾನ್ಸಿನ ಷೋಕಿ ನಾಯಿ ಎಂದುಕೊಂಡಿದ್ದಾರೆ, ಆದರೆ ಪದ ಜರ್ಮನ್. ನೀರಿನಲ್ಲಿ ಪಚಪಚ ಎನ್ನಿಸುವುದಕ್ಕೆ ಅಲ್ಲಿ 'ಪುಡೆಲ್ನ್' ಎನ್ನುತ್ತಾರೆ. ಬೇಟೆಯಾಡಿದ ಬಾತುಕೋಳಿಯನ್ನು ಕೆರೆಗೆ ಇಳಿದು ತರುತ್ತಿದ್ದ ನಾಯಿ ಅದು. ಬಾಕ್ಸರ್ ಮಾತ್ರ ಜರ್ಮನ್ ನಾಯಿಗೆ ಇಂಗ್ಲಿಷ್ ಹೆಸರು. 'ಹೊವಾವಾರ್ಟ್' ಎಂಬ ಇನ್ನೊಂದು ತಳಿ ನಮ್ಮ ಕಡೆ ಕಾಣಸಿಗದು, ಆದರೆ ಅದರ ಹೆಸರು ನಮಗೆ ಹತ್ತಿರದ್ದು. 'ಹೋಫ್' ಎಂದರೆ ರೈತನ ಮನೆಯಂಗಳ, 'ವಾರ್ಟ್' ಎಂದರೆ ಕಾಯುವವನು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಫಸಲು ಬಂದಾಗ ಗುಡಿಸಲ ಬಾಗಿಲಲ್ಲಿ ಮಲಗಿ, ರಾತ್ರಿ ಎಲೆ ಸರಿದರೂ ತಲೆಯೆತ್ತುವ ಕರಿಯ, ಕೆಂಚಂದಿರು ಮಾಡುವುದು ಅದೇ ಕೆಲಸ.

ಹಾಗಿದ್ದರೆ ಜರ್ಮನ್ನರಂತೆ ಊರ ಹೆಸರನ್ನು ಹೊತ್ತ ನಾಯಿ ಕನ್ನಡ ನಾಡಿನಲ್ಲಿಲ್ಲವೆ? ಇದೆ, ಬಾಗಲಕೋಟೆ ಜಿಲ್ಲೆಯ ಮುಧೋಳದ್ದು. ಸಪೂರ ಸೊಂಟ, ಉದ್ದ ಕಾಲಿನ ಆ ಬೇಟೆನಾಯಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿದರು. ಒಂದು ಜೋಡಿಯನ್ನು ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಾಗ 'ಮುಧೋಳ ಹೌಂಡ್' ಎಂಬ ಹೆಸರು ನಿಂತಿತು ಎನ್ನುತ್ತಾರೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆ ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಡಲು ಶುರುಮಾಡಿತು. ಅಲ್ಲಿಯವರೆಗೆ ಸೇನೆ ನೆಚ್ಚಿಕೊಂಡದ್ದು ಹೆಚ್ಚಾಗಿ ಜರ್ಮನಿಯ ಕುರುಬರ ನಾಯಿ, ಲ್ಯಾಬ್ರಡಾರ್‌ಗಳನ್ನು. ಕರ್ನಾಲಿನಲ್ಲಿರುವ ಪ್ರಾಣಿ ತಳಿಗಳ ರಾಷ್ಟ್ರೀಯ ಸಂಸ್ಥೆಯೂ ಮುಧೋಳವನ್ನು ದೇಶದ ತಳಿಯೆಂದು ದಾಖಲಿಸಿದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಇದಕ್ಕೆಂದೇ ಇರುವ ಕೇಂದ್ರ ತಳಿಯ ಶುದ್ಧಿ ಕಾಪಾಡುವ, ಮರಿಗಳನ್ನು ಬೆಳೆಸಿ ಕೊಡುವ ಕೆಲಸ ಮಾಡುತ್ತಿದೆ. ಗತ್ತಿನ ಹೆಸರಿಗಾಗಿ ಬೆಂಗಳೂರಿನ ಅಂಗಡಿಗಳನ್ನು ಸುತ್ತುವ ಕೋಲಾರದವರು ಒಮ್ಮೆ ಅತ್ತಲೂ ವಿಚಾರಿಸಬಹುದು. ಆದರೆ ಅಲ್ಲೂ ಹೆಸರನ್ನು ಓದಿಕೊಂಡೇ ಹೋಗಬೇಕು. ಅದು ಬಯಲಲ್ಲಿ ಮೊಲದ ಹಿಂದೆ ಬಿಟ್ಟ ಬಾಣದಂತೆ ಓಡುವ ನಾಯಿ. ಹತ್ತಡಿ ಸರಪಳಿ ಅದಕ್ಕೂ ಸಾಲದು.